ತಂಗಿಯ ಪುಸ್ತಕಕ್ಕೆ ಊದಿನಕಡ್ಡಿ

ನನ್ನ ತಂಗಿ ಹತ್ತು ಪುಸ್ತಕ ಬರೆದಿದ್ದಾಳೆ. ಮೊನ್ನೆ ಮೊನ್ನೆಯವರೆಗೂ ಅದರಲ್ಲಿ ಒಂದನ್ನೂ ನಾನು ತೆರೆದು ನೋಡಿರಲಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳೋಣ ಎಂದು ಇಟ್ಟುಕೊಂಡ ಮಾತನ್ನು ನಾನು ಎಂದೂ ಹೇಳಿದವನಲ್ಲ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು, ದಪ್ಪ ದಪ್ಪ ಪುಸ್ತಕ ಹೇಗೆ ಓದಿಯಾನು ಪಾಪ ಎಂದು ನೀವು ಮರುಗುವುದೂ ಬೇಡ. ನನ್ನ ತಂಗಿ ಬರೆಯುವುದು ಚಿಕ್ಕ ಮಕ್ಕಳ ಚಿತ್ರಪುಸ್ತಕ. ಒಂದೊಂದಕ್ಕೂ ಹದಿನಾರು ಪುಟ, ಪುಟಕ್ಕೆ ಹೆಚ್ಚೆಂದರೆ ಒಂದು ಸಾಲು. ಹತ್ತೂ ಪುಸ್ತಕದ ಅಕ್ಷರ ಕೂಡಿಸಿದರೆ ನನ್ನ ಗಿರಣಿಯ ಕರೆಂಟು ಬಿಲ್ಲಿನ ಹಿಂದೆ ಸಣ್ಣಗೆ ಅಚ್ಚಾಗಿರುವ ಸೂಚನೆಗಳಷ್ಟೂ ಆಗಲಿಕ್ಕಿಲ್ಲ. ಆ ಸೂಚನೆಗಳನ್ನು ನಾನು ಎರಡು ಸಲ ಓದಿದ್ದೇನೆ. ತನ್ನ ಚಡ್ಡಿಯ ಲಾಡಿ ತಾನು ಕಟ್ಟಿಕೊಳ್ಳಲು ಬಾರದ ಕೂಸು ನಾಲ್ಕು ನಿಮಿಷದಲ್ಲಿ ಮುಗಿಸುವ ಪುಸ್ತಕವನ್ನು, ಮೂರು ಮಕ್ಕಳ ಲಗ್ನ ಮಾಡಿದ ನಾನು ಹನ್ನೆರಡು ವರ್ಷದಲ್ಲಿ ಮುಗಿಸಲಿಲ್ಲ.

ಹಾಗೆಂದು ಅವಳ ಪುಸ್ತಕಕ್ಕೆ ನಾನು ಅವಮರ್ಯಾದೆ ಮಾಡಿದೆ ಎಂದು ಯಾರೂ ಹೇಳುವಂತಿಲ್ಲ. ಪ್ರತಿ ಪುಸ್ತಕವೂ ಟಪಾಲಿನಲ್ಲಿ ಬಂದ ದಿನ ಕೈ ತೊಳೆದುಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು, ಗಿರಣಿಯ ದೇವರ ಫೋಟೋ ಇರುವ ಹಲಗೆಯ ಮೇಲೆ ಇಟ್ಟಿದ್ದೇನೆ. ದಿನಾ ಮುಂಜಾನೆ ಮೋಟಾರಿಗೆ, ಕಲ್ಲಿಗೆ, ತಕ್ಕಡಿಗೆ ಊದಿನಕಡ್ಡಿ ಬೆಳಗುವಾಗ ಪುಸ್ತಕಗಳಿಗೂ ಒಂದು ಸುತ್ತು ಬೆಳಗುತ್ತೇನೆ. ಆಯುಧಪೂಜೆಯ ದಿನ ಕುಂಕುಮ, ಚೆಂಡುಹೂವು. ಮೊದಲನೇ ಪುಸ್ತಕದ ಮುಖಪುಟದಲ್ಲಿ ಒಂದು ಆಡು ಇದೆ. ಹನ್ನೆರಡು ಆಯುಧಪೂಜೆ ಕಂಡು ಅದು ಈಗ ಹೊಸ ಮದುಮಗಳ ಹಾಗೆ ಕಾಣುತ್ತದೆ. ನಮ್ಮ ಕಡೆ ಪುಸ್ತಕ ಓದದೆ ತಪ್ಪಿಸಿಕೊಳ್ಳಲು ಎರಡು ದಾರಿಗಳಿವೆ. ಒಂದು ರದ್ದಿಗೆ ಹಾಕುವುದು, ಇನ್ನೊಂದು ಪೂಜೆ ಮಾಡುವುದು. ಎರಡನೆಯದರಲ್ಲಿ ಜನ ಒಳ್ಳೆಯವನು ಅನ್ನುತ್ತಾರೆ.

ತಂಗಿಯ ಹೆಸರು ದೇವಮ್ಮ. ನನಗಿಂತ ನಾಲ್ಕು ವರ್ಷ ಸಣ್ಣವಳು. ನಾನು ಶಹಾಪುರದಲ್ಲಿ ಗುಡ್ಡದ ಬುಡದ ಓಣಿಯೊಂದರಲ್ಲಿ ಅಪ್ಪ ಬಿಟ್ಟುಹೋದ ಹಿಟ್ಟಿನ ಗಿರಣಿ ನಡೆಸುತ್ತೇನೆ. ಅವಳನ್ನು ಸುರಪುರಕ್ಕೆ ಕೊಟ್ಟಿದೆ, ಅಲ್ಲಿ ಅಂಗನವಾಡಿ ಟೀಚರು. ಉಪ್ಪಿಟ್ಟು ಬೇಯುವತನಕ ಮಕ್ಕಳು ಅಳಬಾರದೆಂದು ನೆಲದ ಮೇಲೆ ಇದ್ದಲಿಯಿಂದ ಚಿತ್ರ ಬರೆದು ಕಥೆ ಹೇಳುತ್ತಿದ್ದಳಂತೆ. ಯಾರೋ ತಪಾಸಣೆಗೆ ಬಂದ ಮೇಡಂ ಅದನ್ನು ನೋಡಿ, ಹಾಳೆಯ ಮೇಲೆ ಬರೆಸಿ, ಬೆಂಗಳೂರಿನಲ್ಲಿ ಮಕ್ಕಳ ಪುಸ್ತಕ ಮಾಡುವವರಿಗೆ ಕಳಿಸಿದರು. ಅವರು ಮೂರು ಸಲ ವಾಪಸು ಕಳಿಸಿದರು, ನಾಲ್ಕನೇ ಸಲ ಒಪ್ಪಿಕೊಂಡರು. ವನದುರ್ಗದ ಕೋಟೆಯ ಗೋಡೆ ಏರಿದ ಆಡು ಇಳಿಯಲು ಬಾರದೆ ಅಲ್ಲೇ ನಿಂತು ಊರು ನೋಡುವುದು, ಅದೇ ಮೊದಲ ಪುಸ್ತಕ. ಈ ಕಥೆ ನನಗೆ ಗೊತ್ತಿರುವುದು ಗಿರಣಿಗೆ ಬರುವ ಹೆಂಗಸರು ಹೇಳಿದ್ದರಿಂದ. ಅವರ ಮಕ್ಕಳು ಹೇಳಿದ್ದರಿಂದ ಅವರಿಗೆ ಗೊತ್ತು.

ಊರಿನವರು ಅವಳ ಸಾಹಿತ್ಯಸೇವೆಯನ್ನು ಗೌರವಿಸಿದ ರೀತಿಯನ್ನು ಹೇಳದೆ ಹೋದರೆ ಅನ್ಯಾಯವಾಗುತ್ತದೆ. ನಮ್ಮ ಸೋದರಮಾವ ಮೊದಲ ಪುಸ್ತಕವನ್ನು ಕೈಯಲ್ಲಿ ಹಿಡಿದು ತೂಕ ನೋಡಿ, ಇದಕ್ಕಿಂತ ನನ್ನ ಮಗಳ ಲಗ್ನಪತ್ರಿಕೆ ದಪ್ಪ ಇತ್ತು ಅಂದ. ಎರಡನೆಯದು ಬಂದಾಗ, ಇನ್ನೂ ಅಂಗನವಾಡಿಯಲ್ಲೇ ಇದ್ದಾಳಾ, ದೊಡ್ಡವರ ಪುಸ್ತಕಕ್ಕೆ ಪಾಸಾಗುವುದು ಯಾವಾಗ ಎಂದು ವಿಚಾರಿಸಿದ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಒಬ್ಬ ನಿವೃತ್ತ ಗುಮಾಸ್ತರು, ಚಿತ್ರ ತೆಗೆದರೆ ಉಳಿಯುವುದು ನಾಲ್ಕು ಸಾಲು, ಅದನ್ನು ನಾನು ಕೂತಲ್ಲೇ ಬರೆಯುತ್ತಿದ್ದೆ ಎಂದರು. ಅವರು ಇಪ್ಪತ್ತು ವರ್ಷದಿಂದ ಕೂತಲ್ಲೇ ಇದ್ದಾರೆ, ಇನ್ನೂ ಬರೆದಿಲ್ಲ. ಇವರೆಲ್ಲರ ಎದುರು ತಂಗಿಯ ಪರವಾಗಿ ನಾನು ಏನು ಹೇಳಿದೆ ಅಂತ ನೀವು ಕೇಳಬಹುದು. ನಾನು ನಕ್ಕೆ. ಅವರಿಗಿಂತ ಸ್ವಲ್ಪ ಜೋರಾಗಿಯೇ ನಕ್ಕೆ.

ಅವಳ ಕಸಬು ನನಗೆ ತಿಳಿಯುತ್ತಿರಲಿಲ್ಲ ಎಂಬುದೂ ನಿಜ. ಒಂದು ಸಲ ಜೋಳ ಬೀಸಿಸಲು ಬಂದವಳು ಬಹಳ ಖುಷಿಯಲ್ಲಿದ್ದಳು. ಏನಾಯಿತು ಅಂದರೆ, ಇನ್ನೂರು ಪದ ಇದ್ದ ಕಥೆಯನ್ನು ಎಂಟು ತಿಂಗಳು ಕೂತು ನಲವತ್ತಕ್ಕೆ ಇಳಿಸಿದ್ದೇನೆ, ಪುಸ್ತಕ ಮಾಡುವ ಬೆಂಗಳೂರಿನ ಮೇಡಂ ಭೇಷ್ ಅಂದರು ಎಂದಳು. ನಾನು ದಂಗಾದೆ. ನಮ್ಮ ಧಂದೆಯಲ್ಲಿ ಐದು ಕಿಲೋ ಜೋಳ ಕೊಟ್ಟವರಿಗೆ ನಾಲ್ಕೂಮುಕ್ಕಾಲು ಕಿಲೋ ಹಿಟ್ಟು ಕೊಟ್ಟರೆ ನಮ್ಮ ಮೂರು ತಲೆಮಾರು ಬೈಸಿಕೊಳ್ಳುತ್ತದೆ. ಇನ್ನೂರು ಕೊಟ್ಟು ನಲವತ್ತು ವಾಪಸು ಪಡೆದು ಭೇಷ್ ಅನ್ನುವ ಗಿರಾಕಿ ಎಲ್ಲಿ ಸಿಗುತ್ತಾನೆ ಎಂದು ಕೇಳಿದೆ. ಅವಳು ನಕ್ಕು, ಚಿತ್ರದಾಗ ಕಾಣೂದನ್ನ ಬಾಯಿಲೆ ಹೇಳಬಾರದಣ್ಣ, ಬಾಯಿಲೆ ಹೇಳಲಿಕ್ಕೆ ಆಗದ್ದನ್ನ ಚಿತ್ರಕ್ಕ ಬಿಡಬೇಕು ಅಂದಳು. ಆ ಮಾತು ನನಗೇ ಹೇಳಿದ್ದು ಎಂದು ಆಗ ಹೊಳೆಯಲಿಲ್ಲ. ನಾನು ಮೋಟಾರು ಚಾಲೂ ಮಾಡಿದೆ.

ಇದು ನನ್ನ ಹಳೆಯ ಉಪಾಯ. ಗಿರಣಿ ನಡೆಯುವಾಗ ದೇವರು ಬಂದು ವರ ಕೇಳು ಅಂದರೂ ಕೇಳಿಸುವುದಿಲ್ಲ. ದೇವಮ್ಮ ಫೋನಿನಲ್ಲಿ ಪುಸ್ತಕದ ಮಾತು ಎತ್ತಿದ ಕೂಡಲೇ ನಾನು, ಗಿರಣಿ ನಡದದ ಯವ್ವಾ, ಆಮ್ಯಾಲೆ ಮಾತಾಡೂಣು ಅನ್ನುತ್ತಿದ್ದೆ. ಕರೆಂಟು ಇಲ್ಲದ ದಿನವೂ ಅನ್ನುತ್ತಿದ್ದೆ. ಅವಳು ತಿರುಗಿ ಕೇಳುತ್ತಿರಲಿಲ್ಲ. ರಜಾದಿನಗಳಲ್ಲಿ ಬಟ್ಟೆಯ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಹುಣಸಗಿಗೆ, ಮುದನಾಳಕ್ಕೆ, ಕರೆದ ಊರಿಗೆಲ್ಲ ಬಸ್ಸಿನಲ್ಲಿ ಹೋಗಿ ಮಕ್ಕಳಿಗೆ ಓದಿ ತೋರಿಸಿ ಬರುತ್ತಿದ್ದಳು. ಮುದನಾಳದಲ್ಲಿ ಒಂದು ಕೂಸು ಆಡಿನ ಪುಸ್ತಕದ ಮೂಲೆಯನ್ನು ಕಚ್ಚಿ ತಿಂದುಬಿಟ್ಟಿತಂತೆ. ಆ ಮೂಲೆ ಹೋದ ಪುಸ್ತಕವನ್ನು ಅವಳು ಮನೆಯಲ್ಲಿ ಜೋಪಾನವಾಗಿ ಇಟ್ಟಿದ್ದಾಳೆ. ಇದಕ್ಕಿಂತ ಒಳ್ಳೆಯ ವಿಮರ್ಶೆ ಯಾರೂ ಬರೆದಿಲ್ಲ ಅನ್ನುತ್ತಾಳೆ. ಹಾಲುಹಲ್ಲಿನ ಕೂಸೂ ಅವಳ ಪುಸ್ತಕವನ್ನು ಒಳಗೆ ತೆಗೆದುಕೊಂಡಿತು. ನಾನು ಮಾತ್ರ ಊದಿನಕಡ್ಡಿಯ ಬೂದಿ ಉದುರಿಸುತ್ತ ಕೂತೆ.

ಯಾಕೆ ತೆರೆಯಲಿಲ್ಲ ಎಂಬುದಕ್ಕೆ ನನ್ನ ಹತ್ತಿರ ಒಳ್ಳೊಳ್ಳೆಯ ಕಾರಣಗಳಿದ್ದವು. ಕೈಗೆ ಹಿಟ್ಟು ಮೆತ್ತಿರುತ್ತದೆ. ಓದುವ ಚಾಳೀಸು ಮನೆಯಲ್ಲಿದೆ. ದೇವರ ಹಲಗೆಯಿಂದ ಇಳಿಸಿದರೆ ಮೈಲಿಗೆ. ಕೇಳಿದವರೆಲ್ಲ ಒಪ್ಪಿದರು, ನಾನೂ ಒಪ್ಪಿದ್ದೆ. ಖರೆ ಕಾರಣ ಒಂದು ಗೋಡೆ. ಅದನ್ನು ಬರೆಯದೆ ದಾಟಿಹೋಗಲು ಈ ಪ್ಯಾರಾದವರೆಗೂ ಪ್ರಯತ್ನ ಮಾಡಿದ್ದೇನೆ, ನೀವು ಗಮನಿಸಿರಬಹುದು.

ಆಗ ನನಗೆ ಹದಿನಾಲ್ಕು, ದೇವಮ್ಮನಿಗೆ ಹತ್ತು; ಮನೆಯಲ್ಲಿ ಅವಳು ದೇವಿ. ಅಪ್ಪನಿಗೆ ಗಿರಣಿಯಲ್ಲಿ ಕೈ ಸಾಲದೆ ನನ್ನನ್ನು ಶಾಲೆ ಬಿಡಿಸಿ ಒಂದು ವರ್ಷವಾಗಿತ್ತು. ನಾನು ಶಾಲೆಯಲ್ಲಿ ದೊಡ್ಡ ಶಾಣ್ಯಾ ಇದ್ದೆ ಅಂತಲ್ಲ. ಆದರೆ ಬಿಡಿಸಿದ ಮೇಲೆ ಶಾಣ್ಯಾ ಇದ್ದೆ ಎಂದು ನನಗೆ ಅನಿಸತೊಡಗಿತ್ತು. ನಮ್ಮ ಪಡಸಾಲೆಯ ಒಳಗೋಡೆ ಪೂರ್ತಿ ದೇವಿಯದು. ಒಲೆಯ ಇದ್ದಲಿಯಿಂದ ಅವಳು ಅಲ್ಲಿ ಎಲ್ಲವನ್ನೂ ಬರೆದಿದ್ದಳು: ಎಮ್ಮೆ, ಸಂತೆಗೆ ಹೋಗುವ ಬಂಡಿ, ಮೂಗಿನ ತುದಿಗೆ ಚಾಳೀಸು ಇಳಿಸಿದ ನಮ್ಮ ಮಾಸ್ತರು, ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮ ಗುಡ್ಡ. ಆ ಮಾಸ್ತರು ಒಂದು ದಿನ ಬಂದು ನೋಡಿ, ಯಾದಗಿರಿಯಿಂದ ಡ್ರಾಯಿಂಗ್ ಮಾಸ್ತರನ್ನು ಕರೆದುಕೊಂಡು ಬರುತ್ತೇನೆ, ಅವರು ಮೆಚ್ಚಿದರೆ ಅಲ್ಲಿನ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಸೀಟು ಕೊಡಿಸುತ್ತಾರೆ ಎಂದರು. ಅಪ್ಪ ಅರ್ಧ ಮನಸ್ಸಿನಿಂದ, ಬರಲಿ, ನೋಡಲಿ ಅಂದ. ಮರುದಿನ ಮುಂಜಾನೆ ಅವರು ಬರುವವರಿದ್ದರು. ದಸರೆಯ ಮುಂಚಿನ ವಾರ. ಮನೆಗೆ ಸುಣ್ಣ ಹಚ್ಚುವ ಕೆಲಸ ನಡೆದಿತ್ತು. ಹೊರಗಿನ ಗೋಡೆ ಮುಗಿಸಿ ಆಳು ಸಂಜೆ ಹೋಗಿದ್ದ, ಬಕೀಟು ಅಲ್ಲೇ ಇತ್ತು. ಎಲ್ಲರೂ ಬಜಾರಕ್ಕೆ ಹೋಗಿದ್ದರು. ನಾನು ಬಾಗಿಲು ಮುಂದೆ ಮಾಡಿ, ಎಮ್ಮೆಯಿಂದ ಸುರು ಮಾಡಿ ಗುಡ್ಡದತನಕ ಎರಡು ಕೈ ಸುಣ್ಣ ಹಚ್ಚಿದೆ.

ಮರುದಿನ ಡ್ರಾಯಿಂಗ್ ಮಾಸ್ತರು ಬಂದು ಬಿಳಿ ಗೋಡೆಯನ್ನು ಬಹಳ ಹೊತ್ತು ನೋಡಿದರು. ಅಪ್ಪ ಎಲ್ಲರನ್ನೂ ಕೇಳಿದ. ನನ್ನನ್ನೂ ಕೇಳಿದ. ನಾ ಏನೂ ಮಾಡಿಲ್ಲಪ್ಪ ಅಂದೆ. ನನ್ನ ಕೈ, ಕೂದಲು, ಹುಬ್ಬು ಎಲ್ಲ ಬೆಳ್ಳಗಿದ್ದವು; ಆದರೆ ಗಿರಣಿ ಹುಡುಗನ ಮೈಮೇಲೆ ಸುಣ್ಣ ಯಾವುದು, ಹಿಟ್ಟು ಯಾವುದು ಅಂತ ಯಾರು ಬೇರೆ ಮಾಡುತ್ತಾರೆ? ಪಾಪದ ಆಳು ಬೈಸಿಕೊಂಡ. ಅಪ್ಪ, ಗೋಡೀನೇ ಬ್ಯಾಡ ಅಂತದ, ಬಿಡ್ರಿ ಮಾಸ್ತರ ಅಂದ. ದೇವಿ ಯಾದಗಿರಿಗೆ ಹೋಗಲಿಲ್ಲ. ಮರುವರ್ಷ ಇದ್ದ ಶಾಲೆಯನ್ನೂ ಬಿಡಿಸಿದರು. ನಾಲ್ಕು ವರ್ಷ ಮನೆಯಲ್ಲಿ ರೊಟ್ಟಿ ಬಡಿದಳು. ಆಮೇಲೆ ಹಟ ಹಿಡಿದು ಮನೆಯಲ್ಲೇ ಓದಿ ಹತ್ತನೆಯದು ಕಟ್ಟಿ ಪಾಸಾದಳು, ಲಗ್ನವಾಯಿತು, ಟೀಚರಾದಳು. ಅವಳ ಒಂದೊಂದು ಪುಸ್ತಕ ಟಪಾಲಿನಲ್ಲಿ ಬಂದಾಗಲೂ ನನಗೆ ಕಾಣುತ್ತಿದ್ದದ್ದು ಆ ಗೋಡೆ. ಯಾರೂ ನೋಡಿಲ್ಲ ಎಂಬುದೊಂದೇ ಸಮಾಧಾನವಾಗಿತ್ತು. ಆ ಸಮಾಧಾನವನ್ನು ನಾನು ನಲವತ್ತು ವರ್ಷ ಬೀಸಿ ಬೀಸಿ ತಿಂದೆ.

ಈಗ ಹತ್ತನೇ ಪುಸ್ತಕಕ್ಕೆ ಬರುತ್ತೇನೆ. ಹೆಸರು ‘ನಮ್ಮಣ್ಣ ಏನೂ ಮಾಡಿಲ್ಲ’. ಲಕೋಟೆ ಒಡೆದು ಹೆಸರು ನೋಡಿದಾಗ ನನಗೆ ಒಂದು ಕ್ಷಣ ಗಿರಣಿಯ ಕಲ್ಲು ಎದೆಯ ಮೇಲೆ ತಿರುಗಿದ ಹಾಗಾಯಿತು. ಅದರ ಬೆನ್ನಿಗೇ ಯಾದಗಿರಿಯ ಶಾಲೆಯೊಂದರಿಂದ ಗುರುಗಳೊಬ್ಬರು ಫೋನು ಮಾಡಿ, ಪುಸ್ತಕ ನಮ್ಮ ಶಾಲೆಯಲ್ಲಿ ಬಿಡುಗಡೆ ಮಾಡುತ್ತೇವೆ, ಅಣ್ಣನ ಮೇಲೆ ಬರೆದ ಪುಸ್ತಕ, ಅಣ್ಣನವರೇ ಮುಖ್ಯ ಅತಿಥಿಯಾಗಿ ಎರಡು ಮಾತು ಆಡಬೇಕು ಎಂದರು. ನಮ್ಮ ಓಣಿಯಲ್ಲಿ ಮುಖ್ಯ ಅತಿಥಿಯಾದವರು ಇದುವರೆಗೆ ಯಾರೂ ಇಲ್ಲ. ಹೆದರಿಕೆಯನ್ನು ಹಮ್ಮು ಹೇಗೆ ನುಂಗುತ್ತದೆ ಎಂದು ಆ ದಿನ ನೋಡಿದೆ. ಕೋಳಿ ಕಾಳು ನುಂಗಿದ ಹಾಗೆ, ಅಗಿಯುವುದೇ ಇಲ್ಲ. ಬರುತ್ತೇನೆ ಅಂದುಬಿಟ್ಟೆ.

ಮಾತಾಡಬೇಕೆಂದರೆ ಪುಸ್ತಕದಲ್ಲಿ ಏನಿದೆ ಎಂದು ಗೊತ್ತಿರಬೇಕಲ್ಲ. ನನ್ನ ಹೆಂಡತಿ ಶರಣಮ್ಮನನ್ನು ಗಿರಣಿಗೆ ಕರೆದು ಓದು ಅಂದೆ. ನಾನು ಮೇಲಿನಿಂದ ಕಾಳು ಇಳಿಯುವುದನ್ನು ನೋಡುತ್ತ ನಿಂತೆ, ಅವಳು ನನ್ನ ಕಿವಿಯ ಹತ್ತಿರ ನಿಂತು ಗಟ್ಟಿಯಾಗಿ ಓದಿದಳು. ‘ಮೊಸರಿನ ಗಡಿಗೆ ಒಡೆಯಿತು. ನಮ್ಮಣ್ಣ ಏನೂ ಮಾಡಿಲ್ಲ. ಕೋಳಿ ಮಾಳಿಗೆ ಏರಿತು. ನಮ್ಮಣ್ಣ ಏನೂ ಮಾಡಿಲ್ಲ. ಅಪ್ಪನ ಚಪ್ಪಲಿ ಬಾವಿಗೆ ಬಿತ್ತು. ನಮ್ಮಣ್ಣ ಏನೂ ಮಾಡಿಲ್ಲ. ಅವ್ವನ ಸಕ್ಕರೆ ಡಬ್ಬಿ ಖಾಲಿಯಾಯಿತು. ನಮ್ಮಣ್ಣ ಏನೂ ಮಾಡಿಲ್ಲ. ನಮ್ಮ ಗೋಡೆ ಬೆಳ್ಳಗಾಯಿತು. ನಮ್ಮಣ್ಣ ಏನೂ ಮಾಡಿಲ್ಲ.’ ಅಷ್ಟೇ. ಒಟ್ಟು ಮೂವತ್ತೆರಡು ಪದ, ಮನುಷ್ಯನ ಬಾಯಿಯ ಹಲ್ಲಿನಷ್ಟು. ಗೋಡೆಯ ಮಾತು ಬಂದಾಗ ನನ್ನ ಕೈಯಿಂದ ಜೋಳ ಚೆಲ್ಲಿತು. ಆದರೆ ಕೇಳಿ ನೋಡಿ: ಏನೂ ಮಾಡಿಲ್ಲ ಎಂದೇ ಬರೆದಿದ್ದಾಳೆ. ನನ್ನ ಸುಳ್ಳು ಅಚ್ಚಾಗಿ, ಬಣ್ಣ ಹಚ್ಚಿಸಿಕೊಂಡು, ಪುಸ್ತಕವಾಗಿ ಬಂದಿದೆ! ಅವಳು ಇವತ್ತಿಗೂ ನನ್ನನ್ನು ನಂಬಿದ್ದಾಳೆ ಎಂದು ನನಗೆ ಕಣ್ಣೀರು ಬಂತು. ಹಿಟ್ಟು ಹಾರಿ ಕಣ್ಣಿಗೆ ಬಿತ್ತು ಅಂದೆ. ಶರಣಮ್ಮ ಪುಸ್ತಕವನ್ನು ನನ್ನ ಮುಖದ ಮುಂದೆ ಹಿಡಿದು, ‘ರೀ, ಒಂದೀಟು ಚಿತ್ರ ನೋಡ್ರಿ ಇಲ್ಲಿ’ ಅಂದಳು. ನೋಡುವುದೇನಿದೆ, ಕೇಳಿದೆನಲ್ಲ ಎಂದು ನಾನು ಕಾಳಿನ ಕಡೆಯೇ ನೋಡಿದೆ. ಅವಳು ನನ್ನನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿ ಅದನ್ನು ಹಲಗೆಯ ಮೇಲೆ ಇಟ್ಟಳು. ನಾನು ಊದಿನಕಡ್ಡಿ ಹಚ್ಚಿದೆ.

ಎರಡು ದಿನ ಬಿಟ್ಟು ದೇವಮ್ಮನ ಫೋನು ಬಂತು. ಅವತ್ತು ನಾನಾಗಿಯೇ ಮೋಟಾರು ಬಂದ್ ಮಾಡಿ ಮಾತಾಡಿದೆ. ನಿರಪರಾಧಿಗೆ ಸದ್ದು ಯಾಕೆ ಬೇಕು?

‘ಅಣ್ಣ, ಪುಸ್ತಕ ಮುಟ್ಟಿತೇನು?’

‘ಮುಟ್ಟ್ಯಾದ. ಕಡೀತನ ಬಾಯಿಪಾಠ ಆಗ್ಯಾದ.’

‘ಸಿಟ್ಟು ಬರಲಿಲ್ಲೇನು?’

‘ಸಿಟ್ಟ್ಯಾಕ ಬರಬೇಕು? ಇದ್ದದ್ದು ಇದ್ದಂಗ ಬರದೀ.’

ಆ ಕಡೆಯಿಂದ ಮೂಗು ಏರಿಸಿದ ಸಪ್ಪಳ ಕೇಳಿತು. ‘ಹಂಗಾದ್ರ ಬಾ ಅಣ್ಣ. ನೀ ಬರಬೇಕು’ ಅಂದಳು. ನೆಗಡಿ ಆಗಿರಬೇಕು, ಕಷಾಯ ಕುಡಿ ಅಂದೆ.

ಯಾದಗಿರಿಗೆ ನಾನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ಬಿಳಿ ಟೋಪಿ ಹಾಕಿಕೊಂಡು ಹೋದೆ. ಶಾಲೆಯ ಗೇಟು ದಾಟುತ್ತಿದ್ದಂತೆಯೇ ಮಕ್ಕಳು, ಹಿಟ್ಟಿನಣ್ಣ ಬಂದ, ಹಿಟ್ಟಿನಣ್ಣ ಬಂದ ಎಂದು ಗುಲ್ಲೆಬ್ಬಿಸಿದರು. ನನ್ನ ಗಿರಣಿಯ ಹೆಸರು ಯಾದಗಿರಿಯತನಕ ಮುಟ್ಟಿದೆಯಲ್ಲ ಎಂದು ಬೀಗಿದೆ. ಒಬ್ಬಳು ಬಂದು ನನ್ನ ತೋಳು ಮುಟ್ಟಿ, ಬೆರಳಿಗೆ ಹಿಟ್ಟು ಹತ್ತಿತೇನೋ ಎಂದು ನೋಡಿಕೊಂಡಳು. ಮಕ್ಕಳೆಲ್ಲ ಜಮಖಾನೆಯ ಮೇಲೆ ಕೂತರು, ಮೂರು ಮೂರು ಮಂದಿಗೆ ಒಂದು ಪುಸ್ತಕ ಹಂಚಿದರು. ದೇವಮ್ಮ ವೇದಿಕೆಯ ಮೇಲೆ ತನ್ನ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನನ್ನನ್ನು ನೋಡಿದ ರೀತಿ ಬೇರೆಯೇ ಇತ್ತು. ಲಗ್ನವಾಗಿ ಗಂಡನ ಮನೆಗೆ ಹೋಗುವ ದಿನವೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ.

ಮೈಕು ಕೈಗೆ ಕೊಟ್ಟರು. ನಾನು ಕೆಮ್ಮಿ, ಮಕ್ಕಳೇ, ಈ ಪುಸ್ತಕದಾಗಿನ ಅಣ್ಣ ನಾನೇ ಎಂದು ಸುರು ಮಾಡಿದೆ. ಮಕ್ಕಳು ಹೋ ಅಂದವು. ದೇವಮ್ಮ ಟೀಚರು ಖರೆ ಬರೆದಾಳ, ಮೊಸರಿನ ಗಡಿಗಿ ಒಡೀತು, ನಾ ಏನೂ ಮಾಡಿಲ್ಲ ಅಂದೆ. ನಗೆ. ಕೋಳಿ ಮಾಳಿಗಿ ಏರಿತು, ನನಗ ಗೊತ್ತೇ ಇಲ್ಲ ಅಂದೆ. ಇನ್ನೂ ನಗೆ. ಚಪ್ಪಲಿಗೆ ಬರುವಷ್ಟರಲ್ಲಿ ಕೆಲವರು ಹೊಟ್ಟೆ ಹಿಡಿದುಕೊಂಡಿದ್ದರು, ಗುರುಗಳು ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದರು. ಇಷ್ಟು ಒಳ್ಳೆಯ ಭಾಷಣಕಾರ ಹಿಟ್ಟಿನ ಧೂಳಿನಲ್ಲಿ ಇಷ್ಟು ವರ್ಷ ವ್ಯರ್ಥವಾದನಲ್ಲ ಎಂದು ನನಗೆ ನನ್ನ ಮೇಲೆಯೇ ಕನಿಕರ ಹುಟ್ಟಿತು. ಉಮೇದಿ ಬಂದು ಎದೆಯ ಮೇಲೆ ಕೈಯಿಟ್ಟು, ನಮ್ಮ ಗೋಡಿ ಬೆಳ್ಳಗಾತು, ದೇವರಾಣಿ ನಾ ಏನೂ ಮಾಡಿಲ್ಲ ಅಂದೆ. ಈ ಸಲ ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿ ಎದ್ದು ನಿಂತು ಪುಸ್ತಕವನ್ನು ನನ್ನ ಕಡೆ ತಿರುಗಿಸಿ ಹಿಡಿದಳು.

‘ಸುಣ್ಣದ ಬಕೀಟ ನಿಮ್ಮ ಕೈಯಾಗೇ ಅದಲ್ರಿ, ಅಜ್ಜ.’

ಆಗ ನೋಡಿದೆ. ಎರಡು ಪುಟ ತುಂಬ ನಮ್ಮ ಪಡಸಾಲೆಯ ಗೋಡೆ. ಅರ್ಧ ಬಿಳಿ, ಇನ್ನರ್ಧದಲ್ಲಿ ಗುಡ್ಡ, ಬಂಡಿಯ ಹಿಂದಿನ ಗಾಲಿ, ಮಾಸ್ತರ ಚಾಳೀಸು. ನಡುವೆ ತಲೆಯೆಲ್ಲ ಹಿಟ್ಟಾದ ಒಬ್ಬ ಹುಡುಗ, ಒಂದು ಕೈಯಲ್ಲಿ ಬಕೀಟು, ಒಂದು ಕೈಯಲ್ಲಿ ಸುಣ್ಣದ ಕುಂಚ. ಮುಂದೆ ಮಾಡಿದ ಬಾಗಿಲ ಸಂದಿನಲ್ಲಿ ಎರಡು ಕಣ್ಣು. ಅವಳು ಬಜಾರಕ್ಕೆ ಹೋಗಿರಲೇ ಇಲ್ಲ.

ಹುಡುಗಿ ಉಪಕಾರ ಮಾಡುವವಳ ಹಾಗೆ ಹಿಂದಿನ ಪುಟಗಳನ್ನೂ ತಿರುವಿ ತೋರಿಸಿದಳು. ಮೊಸರಿನ ಗಡಿಗೆಯ ಪಕ್ಕದಲ್ಲಿ ನನ್ನ ಕೈಯಲ್ಲಿ ಕವಣೆ. ಕೋಳಿಯ ಹಿಂದೆ ನಾನು. ಬಾವಿಯ ಕಟ್ಟೆಯ ಮೇಲೆ ನಾನು. ಸಕ್ಕರೆ ಡಬ್ಬಿಯ ಒಳಗೆ ಮೊಣಕೈತನಕ ನಾನು. ಮಕ್ಕಳು ನಕ್ಕಿದ್ದು ಇದಕ್ಕೆ. ಅವರು ಚಿತ್ರ ನೋಡುತ್ತ ನನ್ನ ಮಾತು ಕೇಳುತ್ತಿದ್ದರು. ಮಾತು ಮಾತ್ರ ಕೇಳಿ ಬಂದವನು ಆ ಅಂಗಳದಲ್ಲಿ ನಾನೊಬ್ಬನೇ. ದೇವಮ್ಮನ ಕಡೆ ನೋಡಿದೆ. ಅವಳು ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದಳು. ಆಗಲಾದರೂ ನಾನು ಹೇಳಬಹುದಿತ್ತು. ಮೈಕು ಕೈಯಲ್ಲೇ ಇತ್ತು. ನಾನು ಗಡಿಯಾರ ನೋಡಿ, ಶಹಾಪುರ ಬಸ್ಸಿನ ಟೈಮ್ ಆತು, ಎಲ್ಲಾರೂ ಚಲೋ ಓದ್ರಿ ಎಂದು ಹೇಳಿ ಕೂತೆ. ನಮ್ಮ ಜಿಲ್ಲೆಯಲ್ಲಿ ಮರ್ಯಾದೆಯಿಂದ ಓಡಿಹೋಗಲು ಬಸ್ಸಿಗಿಂತ ಒಳ್ಳೆಯ ನೆಪ ಇಲ್ಲ.

ಆದರೆ ಆ ಬಸ್ಸಿಗೇ ಅವಳೂ ಬರಬೇಕಿತ್ತು, ಶಹಾಪುರದಲ್ಲಿ ಇಳಿದು ಸುರಪುರದ ಬಸ್ಸು ಹಿಡಿಯಲು. ಒಂದೇ ಸೀಟಿನಲ್ಲಿ ಕೂತೆವು. ಅರ್ಧ ದಾರಿಯತನಕ ಇಬ್ಬರೂ ಟಿಕೇಟನ್ನು ಮಡಚಿ ಮಡಚಿ ಸಣ್ಣದು ಮಾಡಿದೆವು.

‘ನೀ ನೋಡೇ ಇದ್ದಿಲ್ಲ’ ಅಂದಳು.

‘ಶರಣಮ್ಮ ಓದಿದ್ಲು.’

‘ಉಳದ ಒಂಬತ್ತು?’

ನಾನು ಕಿಟಕಿಯಿಂದ ಹೊರಗೆ ನೋಡಿದೆ.

‘ಒಂದೂ ಇಲ್ಲ?’ ಅವಳ ದನಿ ಏರಲಿಲ್ಲ. ‘ಗೋಡಿ ಪುಟ ನೋಡಿ, ಸಿಟ್ಟಾಗದ ಬರ್ತೀನಿ ಅಂದಾನ, ಎಲ್ಲಾರ ಮುಂದ ನಿಂದರ್ತಾನ ಅಂದ್ರ...’ ಅಷ್ಟಕ್ಕೆ ಬಿಟ್ಟಳು. ಇನ್ನೂರನ್ನು ನಲವತ್ತಕ್ಕೆ ಇಳಿಸುವವಳು. ಉಳಿದದ್ದನ್ನು ನಾನೇ ತಿಳಿದುಕೊಳ್ಳಬೇಕಿತ್ತು. ಫೋನಿನಲ್ಲಿ ಅವಳಿಗೆ ಆದದ್ದು ನೆಗಡಿಯಲ್ಲ ಎಂಬುದು ನನಗೆ ಆಗ ತಿಳಿಯಿತು. ಶಹಾಪುರದಲ್ಲಿ ಇಳಿದು, ಚೀಲ ನಾನು ಹಿಡಿಯುತ್ತೇನೆ ಅಂದೆ. ಬೇಡ ಎಂದು ಹೇಳಿ ಸುರಪುರದ ಬಸ್ಸು ಹತ್ತಿದಳು.

ಮರುದಿನ ಗಿರಣಿಗೆ ರಜೆ ಹಾಕಿ, ಚಾಳೀಸು ತಂದು, ಹಲಗೆಯ ಮೇಲಿನ ಹತ್ತೂ ಪುಸ್ತಕ ಇಳಿಸಿದೆ. ಕುಂಕುಮ ಅಂಟಿ ಕೆಲವು ಪುಟ ಬಿಡಿಸಲು ಚಾಕು ಬೇಕಾಯಿತು. ಭಕ್ತಿ ಹೆಚ್ಚಾದರೆ ಹೀಗೆಯೇ. ಆಡಿನ ಪುಸ್ತಕ ಮೊದಲು ತೆರೆದೆ. ಕೋಟೆಯ ಗೋಡೆಯ ಕೆಳಗೆ, ಜನರ ಗುಂಪಿನ ಮೂಲೆಯಲ್ಲಿ, ತಲೆಯೆಲ್ಲ ಬೆಳ್ಳಗಾದ ಒಬ್ಬ ಸಣ್ಣ ಹುಡುಗ ನಿಂತು ಮೇಲೆ ನೋಡುತ್ತಿದ್ದಾನೆ. ಎರಡನೆಯದು ಹುಣಸಗಿಗೆ ಹೋಗುವ ತುಂಬಿದ ಬಸ್ಸಿನ ಕಥೆ. ಹಿಂದಿನ ಕಿಟಕಿಯಲ್ಲಿ ಅದೇ ಹುಡುಗ. ಮೂರನೆಯದರಲ್ಲಿ ಹುಣಸೇಮರದ ಮೇಲೆ, ನಾಲ್ಕನೆಯದರಲ್ಲಿ ಮೋಡದ ಮೇಲೆ. ಕಥೆಯಲ್ಲಿ ಅವನ ಹೆಸರಿಲ್ಲ, ಮಾತಿಲ್ಲ, ಕೆಲಸವೂ ಇಲ್ಲ. ಆದರೂ ಒಂದು ಪುಸ್ತಕದಲ್ಲಿಯೂ ಅವನನ್ನು ಬಿಟ್ಟಿಲ್ಲ. ಶರಣಮ್ಮ ಬಾಗಿಲಲ್ಲಿ ನಿಂತು, ‘ಹಿಟ್ಟಿನಣ್ಣ ಎಲ್ಲಿದ್ದಾನ ಅಂತ ಹುಡುಕೂದು ಹುಡುಗರಿಗೆ ಒಂದು ಆಟರಿ’ ಅಂದಳು. ಅಂದರೆ ಹನ್ನೆರಡು ವರ್ಷದಿಂದ ಮೂರು ತಾಲೂಕಿನ ಮಕ್ಕಳು ನನ್ನನ್ನು ಹುಡುಕಿ ಹುಡುಕಿ ಬೆರಳಿಟ್ಟು ತೋರಿಸುತ್ತಿದ್ದವು. ಕಾಣದೆ ಉಳಿದದ್ದು ನನ್ನೊಬ್ಬನಿಗೆ. ಹತ್ತನೆಯದರ ಕೊನೆಯ ಪುಟವನ್ನು ಆ ಶಾಲೆಯ ಹುಡುಗಿಯೂ ತೋರಿಸಿರಲಿಲ್ಲ. ಅದರಲ್ಲಿ ಪದವೇ ಇಲ್ಲ. ಹೊಸ ಸುಣ್ಣದ ಗೋಡೆ, ಅದರ ಮುಂದೆ ಬೆನ್ನು ಮಾಡಿ ನಿಂತ ಹತ್ತು ವರ್ಷದ ಹುಡುಗಿ. ಗೋಡೆಯ ಮೂಲೆಯಲ್ಲಿ, ಇದ್ದಲಿಯಲ್ಲಿ, ಅವಳು ಒಬ್ಬ ಹುಡುಗನನ್ನು ಬರೆಯುತ್ತಿದ್ದಾಳೆ. ಅವನ ತಲೆಯನ್ನು ಮಾತ್ರ ಸುಣ್ಣದಷ್ಟೇ ಬೆಳ್ಳಗೆ ಬಿಟ್ಟಿದ್ದಾಳೆ.

ಆಮೇಲೆ ಎರಡು ತಿಂಗಳು ದೇವಮ್ಮ ಗಿರಣಿಗೆ ಬರಲಿಲ್ಲ. ಸುರಪುರದಲ್ಲಿ ಗಿರಣಿಗಳಿಗೆ ಬರವಿಲ್ಲ. ಆದರೂ ಲಗ್ನವಾದಾಗಿನಿಂದ ಅವಳು ತಿಂಗಳಿಗೊಮ್ಮೆ ಜೋಳದ ಚೀಲ ಹೊತ್ತು ಬಸ್ಸಿನಲ್ಲಿ ಇಲ್ಲಿಗೇ ಬರುತ್ತಿದ್ದಳು, ತವರಿನ ಕಲ್ಲಿನ ಹಿಟ್ಟಿನ ರೊಟ್ಟಿ ಮೆತ್ತಗೆ ಎಂದು. ಅವಳು ಬಂದರೆ ಪಾಳಿ ಇಲ್ಲ. ಸೀದಾ ಒಳಗೆ ಬಂದು ಚೀಲ ಇಡುವುದು, ನಾನು ಇದ್ದ ಕಾಳು ತೆಗೆದು ಅವಳದ್ದು ಸುರಿಯುವುದು, ಉಳಿದವರು ಗೊಣಗದೆ ಸುಮ್ಮನಿರುವುದು, ಇದು ನಮ್ಮ ಗಿರಣಿಯ ರಿವಾಜು. ಈ ಎರಡು ತಿಂಗಳಲ್ಲಿ ನಾನು ಒಂದು ತಪ್ಪೊಪ್ಪಿಗೆಯನ್ನು ತಯಾರು ಮಾಡಿದೆ. ಮೊದಲ ಸಲ ಬಹಳ ಉದ್ದವಾಗಿತ್ತು. ಅದರಲ್ಲಿ ನನ್ನ ವಯಸ್ಸು ಇತ್ತು, ನನ್ನನ್ನು ಶಾಲೆ ಬಿಡಿಸಿದ ಅಪ್ಪ ಇದ್ದ, ದಸರೆಗೆ ಸುಣ್ಣ ಹಚ್ಚುವ ಪದ್ಧತಿ ಇತ್ತು, ಬಕೀಟು ಅಲ್ಲೇ ಬಿಟ್ಟುಹೋದ ಆಳಿನ ಬೇಜವಾಬ್ದಾರಿಯೂ ಇತ್ತು. ಕೇಳಿದವರು ತಪ್ಪು ಬಕೀಟಿನದೇ ಎಂದು ಒಪ್ಪಬೇಕು, ಅಷ್ಟು ಚೆನ್ನಾಗಿತ್ತು. ಆಮೇಲೆ ತಂಗಿಯ ಕಸಬು ನೆನಪಾಗಿ, ಚಿತ್ರದಲ್ಲಿ ಕಂಡದ್ದನ್ನು ಬಾಯಿಂದ ಹೇಳಬಾರದಲ್ಲ ಎಂದು, ಒಂದೊಂದೇ ಪದ ಕಿತ್ತುಹಾಕುತ್ತ ಬಂದೆ. ಅದೆಂಥ ಕಷ್ಟದ ಕೆಲಸ ಎಂದು ಗೊತ್ತಾದದ್ದು ಆಗ. ಎಂಟು ತಿಂಗಳು ಯಾಕೆ ಬೇಕಿತ್ತು ಎಂಬುದೂ ಗೊತ್ತಾಯಿತು. ಮೊದಲು ಬಕೀಟು ಹೋಯಿತು, ಆಮೇಲೆ ದಸರಾ, ಕಡೆಗೆ ಬಹಳ ಒಲ್ಲದ ಮನಸ್ಸಿನಿಂದ ಅಪ್ಪನನ್ನೂ ತೆಗೆದೆ.

ನಾಗರಪಂಚಮಿಗೆ ಇನ್ನೊಂದು ವಾರವಿದೆ ಅನ್ನುವಾಗ ಅವಳು ಬಂದಳು. ಹಬ್ಬದ ಮುಂದಿನ ಗದ್ದಲ, ಬಾಗಿಲ ತನಕ ಹೆಂಗಸರ ಪಾಳಿ. ಅವಳು ಒಳಗೆ ಬರಲಿಲ್ಲ. ಎಲ್ಲರ ಹಿಂದೆ, ಏಳನೆಯವಳಾಗಿ, ಚೀಲ ಕಾಲ ಹತ್ತಿರ ಇಟ್ಟುಕೊಂಡು ನಿಂತಳು. ಮುಂದಿದ್ದವಳು ಸರಿದು, ಹೋಗವ್ವ, ನಿಮ್ಮಣ್ಣನ ಗಿರಣಿ ಅಂದರೂ, ಇರಲಿ ಅಂದಳು. ನಾನು ಕಾಳಿನ ಡಬ್ಬಿ ಹಿಡಿದಲ್ಲಿಂದಲೇ ನನ್ನ ಮಾತು ಹೇಳಿದೆ. ಮೋಟಾರು ಗುಡುಗುತ್ತಿತ್ತು. ಅವಳು ಕಿವಿ ಮುಟ್ಟಿಕೊಂಡು, ಕೇಳಿಸಲಿಲ್ಲ ಎಂದು ಕೈ ತಿರುವಿದಳು. ಇನ್ನೊಮ್ಮೆ ಹೇಳಿದೆ. ಪಾಳಿಯ ಮೊದಲನೆಯವಳು, ನನ್ನ ಹಿಟ್ಟು ತರಿತರಿ ಆತೇನ್ರಿ ಎಂದು ಗಾಬರಿಯಾದಳು. ಗದ್ದಲದಲ್ಲಿ ಹೇಳಿ ಮುಗಿಸಿ, ಹೇಳಿದೆನಲ್ಲ ಎಂದುಕೊಳ್ಳುವ ನನ್ನ ಯೋಜನೆ ಅವಳಿಗೆ ತಿಳಿದಿತ್ತು ಎಂದು ಕಾಣುತ್ತದೆ; ಅವಳು ಕಿವಿಯಿಂದ ಕೈ ತೆಗೆಯಲಿಲ್ಲ, ನನ್ನ ಮುಖದಿಂದ ಕಣ್ಣೂ ತೆಗೆಯಲಿಲ್ಲ. ಬಾಗಿಲ ಸಂದಿನಲ್ಲಿ ನೋಡಿದ ಕಣ್ಣುಗಳೇ. ನಾನು ಹೋಗಿ ಮೋಟಾರಿನ ಸ್ವಿಚ್ಚು ಇಳಿಸಿದೆ. ಗಿರಣಿ ಒಮ್ಮೆಲೇ ನಿಲ್ಲುವುದಿಲ್ಲ. ಮೋಟಾರಿನ ಪಟ್ಟಾ ಪಟಪಟ ಬಡಿಯಿತು, ಕಲ್ಲು ಎರಡು ಮೂರು ಸುತ್ತು ಸುಮ್ಮನೆ ತಿರುಗಿತು, ಹಿಟ್ಟಿನ ಧೂಳು ಕೆಳಗಿಳಿಯಿತು. ನಡುಪಾಳಿಯಲ್ಲಿ ನಮ್ಮ ಗಿರಣಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಎದುರಿನ ಕಿರಾಣಿ ಅಂಗಡಿಯವನು ಹೊರಗೆ ಬಂದು ನಿಂತ. ಆರು ಹೆಂಗಸರು ಸೆರಗು ಬಾಯಿಗೆ ಹಿಡಿದು ತಯಾರಾದರು. ಸಂಜೆಯೊಳಗೆ ಇದು ಶಹಾಪುರ ದಾಟಿ ಸುರಪುರ ಮುಟ್ಟುತ್ತದೆಂದು ನನಗೆ ಗೊತ್ತಿತ್ತು. ಕೈ ಧೋತರಕ್ಕೆ ಒರೆಸಿಕೊಂಡೆ; ಹಿಟ್ಟು ಹೋಗಲಿಲ್ಲ.

‘ಗೋಡಿಗಿ ಸುಣ್ಣ ಹಚ್ಚಿದಾಂವ ನಾನೇ, ದೇವಿ. ತಪ್ಪಾತು.’